ಕಣ್ಣು ಮೊದಲು ಬರೆದ ಸಿಪಾಯಿಗಳು

ಕೋಲಾರದಲ್ಲಿ ಟೊಮೇಟೊ ಮಂಡಿ ಇಟ್ಟುಕೊಂಡಿರುವ ಮನುಷ್ಯ ನಾನು. ದಿನಾ ಬೆಳಗ್ಗೆ ಹರಾಜು ಕೂಗಿ ಕೂಗಿ ನನ್ನ ಗಂಟಲು ಎಂಥದ್ದಾಗಿದೆ ಎಂದರೆ, ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯವರು ತಿರುಗಿ ನೋಡುತ್ತಾರೆ. ಮೀಸೆಯಿದೆ, ಹೊಟ್ಟೆಯಿದೆ, ಮೂಗಿನ ತುದಿಯಲ್ಲೇ ಕೋಪವೂ ಇದೆ. ಇಂಥವನು ಮಧ್ಯಾಹ್ನ ಊಟವಾದ ಮೇಲೆ ಮಹಡಿಯ ಕೋಣೆ ಸೇರಿ, ಬಾಗಿಲು ಮುಂದೆ ಮಾಡಿಕೊಂಡು, ಹೆಬ್ಬೆರಳಷ್ಟೂ ಇಲ್ಲದ ಪ್ಲಾಸ್ಟಿಕ್ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತಾನೆ ಎಂದರೆ ಯಾರು ನಂಬುತ್ತಾರೆ? ಯಾರಿಗೂ ಗೊತ್ತಾಗದಿರಲಿ ಎಂದೇ ನಾನೂ ಬಯಸಿದ್ದೆ.

ಇದು ಶುರುವಾದದ್ದು ಸಿಗರೇಟು ಬಿಟ್ಟ ಹೊಸದರಲ್ಲಿ. ಎದೆ ಹಿಡಿದಂತಾಗಿ ಡಾಕ್ಟರ ಹತ್ತಿರ ಹೋದಾಗ ಅವರು ಮುಲಾಜಿಲ್ಲದೆ ಹೇಳಿದ್ದಕ್ಕೆ ಬಿಟ್ಟೆನೇ ಹೊರತು ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಬಾಯಿ ಹೇಗೋ ಸುಮ್ಮನಾಯಿತು, ಬೆರಳುಗಳು ಸುಮ್ಮನಾಗಲಿಲ್ಲ. ಮಂಡಿಯಿಂದ ಬಂದು ಕೂತರೆ ಅವು ಜೇಬು ತಡವುತ್ತಿದ್ದವು, ಪೇಪರಿನ ಅಂಚು ಹರಿಯುತ್ತಿದ್ದವು. ಅದೇ ಸಮಯದಲ್ಲಿ ನನ್ನ ಮಗಳು ಯಾರದೋ ಮನೆಯ ಹುಟ್ಟುಹಬ್ಬಕ್ಕೆ ಕೊಡಲೆಂದು ಆಟದ ಸಿಪಾಯಿಗಳ ಪೊಟ್ಟಣ ತಂದಿದ್ದಳು. ಅದರಿಂದ ಉದುರಿದ ಒಬ್ಬ ಸಿಪಾಯಿ ಸೋಫಾದ ಸಂದಿಯಲ್ಲಿ ಉಳಿದುಬಿಟ್ಟಿದ್ದ. ಮೈಯೆಲ್ಲ ಒಂದೇ ಹಸಿರು, ಮುಖವೂ ಹಸಿರು. ಮನೆಯಲ್ಲಿ ಯಾರೂ ಇರಲಿಲ್ಲ. ಮಗಳ ಉಗುರುಬಣ್ಣದ ಬಾಟಲಿ ಕೈಗೆ ಸಿಕ್ಕಿತು. ಅವನಿಗೊಂದು ಕೆಂಪು ಕೋಟು ತೊಡಿಸಿದೆ. ಕೆಲಸ ಗಲೀಜಾಗಿತ್ತು, ಬಣ್ಣ ಕೊರಳಿಗೆಲ್ಲ ಇಳಿದಿತ್ತು. ಆದರೆ ಅಷ್ಟು ಹೊತ್ತು ನಾನು ಸಿಗರೇಟನ್ನು ನೆನೆದಿರಲಿಲ್ಲ.

ಆಮೇಲೆ ಫೋನಿನಲ್ಲಿ ಹುಡುಕಿದೆ. ಇದನ್ನೇ ಒಂದು ವಿದ್ಯೆಯ ಹಾಗೆ ಕಲಿಸುವವರು ದಂಡಿಯಾಗಿದ್ದಾರೆ ಎಂದು ಆಗ ಗೊತ್ತಾಯಿತು. ಬಣ್ಣ ಹಚ್ಚದ ಬೂದು ಸಿಪಾಯಿಗಳನ್ನು ತರಿಸಿಕೊಂಡೆ. ಅವರನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆಯಬೇಕು. ಬಾಟಲಿ ಮುಚ್ಚಳದ ಮೇಲೆ ಗೋಂದಿನಿಂದ ನಿಲ್ಲಿಸಿಕೊಂಡರೆ ಮುಚ್ಚಳವನ್ನು ಹಿಡಿದು ತಿರುಗಿಸಬಹುದು, ಮೈ ಮುಟ್ಟಬೇಕಾಗಿಲ್ಲ. ಬಣ್ಣವನ್ನು ನೀರು ಹಾಕಿ ತೆಳ್ಳಗೆ ಮಾಡಿಕೊಂಡು ಒಂದರ ಮೇಲೊಂದು ಪದರ ಕೊಡಬೇಕು. ನನಗೆ ಎಲ್ಲಿಯ ತಾಳ್ಮೆ? ಮೊದಲ ಸಾಲಿನವರಿಗೆಲ್ಲ ಗೋಡೆಗೆ ಸುಣ್ಣ ಬಳಿದಂತೆ ಬಳಿದೆ. ಮೂಗು, ಬಾಯಿ, ಬೆರಳು ಎಲ್ಲ ಮುಚ್ಚಿಹೋಗಿ ಸಿಪಾಯಿಗಳು ಕರಗಿದ ಮೇಣದಂತೆ ನಿಂತರು. ಸಿಟ್ಟು ಬಂದು ಒಬ್ಬನನ್ನು ಕಿಟಕಿಯಿಂದ ಎಸೆದೆ, ಆಮೇಲೆ ಇಳಿದು ಹೋಗಿ ಚರಂಡಿಯ ಪಕ್ಕದಿಂದ ಹೆಕ್ಕಿ ತಂದೆ.

ಒಂದು ವಿಷಯದಲ್ಲಿ ಮಾತ್ರ ನಾನು ಮೊದಲಿನಿಂದಲೂ ಜೋರು. ಅದು ಕೆಂಪು. ಕಾಯಿ ಬಣ್ಣ ತಿರುಗುವುದರಿಂದ ಹಿಡಿದು ಕಳಿತು ನೀರಾಗುವವರೆಗೆ ಟೊಮೇಟೊದಲ್ಲಿ ಎಷ್ಟು ಬಗೆಯ ಕೆಂಪು ಇದೆ ಎಂದು ನನಗೆ ಗೊತ್ತು. ಬಾಕ್ಸಿನ ಮೇಲಿನ ಎರಡು ಹಣ್ಣು ನೋಡಿದರೆ ಅಡಿಯಲ್ಲಿರುವುದನ್ನು ಹೇಳುತ್ತೇನೆ. ಆ ಕೆಂಪುಗಳನ್ನೆಲ್ಲ ಒಂದೊಂದಾಗಿ ಸಿಪಾಯಿಗಳ ಕೋಟಿಗೆ ತಂದೆ. ಆ ಕೋಟುಗಳನ್ನು ಯಾರಿಗಾದರೂ ತೋರಿಸಬೇಕೆಂದು ಜೀವ ಒದ್ದಾಡುತ್ತಿತ್ತು. ತೋರಿಸುವ ಧೈರ್ಯವಿರಲಿಲ್ಲ. ಒಂದು ಬೆಳಗ್ಗೆ ಉಗುರಿನಲ್ಲಿ ಉಳಿದಿದ್ದ ಬಣ್ಣವನ್ನು ನೋಡಿ ಪಕ್ಕದ ಮಂಡಿಯವನು, “ಏನಣ್ಣಾ, ನೈಲ್ ಪಾಲಿಷಾ? ಅತ್ತಿಗೆ ಹಚ್ಚಿದ್ರಾ?” ಅಂದ. ಲಾರಿಯವರೂ ಕೂಲಿಯವರೂ ನಕ್ಕರು. “ನಿಮ್ಮಪ್ಪಂದು ಕಣೋ” ಎಂದು ಗದರಿದೆನಾದರೂ ಕಿವಿ ಬಿಸಿಯಾಗಿತ್ತು. ಆವತ್ತಿನಿಂದ ಮಂಡಿಗೆ ಹೊರಡುವ ಮೊದಲು ಸೀಮೆಎಣ್ಣೆ ಹಚ್ಚಿ ಉಗುರು ಉಜ್ಜಿಕೊಳ್ಳುವುದು ಅಭ್ಯಾಸವಾಯಿತು.

ಹೆಂಡತಿಗೂ ಮಗಳಿಗೂ ಗೊತ್ತಿತ್ತು. ಹೆಂಡತಿ, “ಸಿಗರೇಟಿಗಿಂತ ವಾಸಿ, ಏನಾದ್ರೂ ಮಾಡ್ಕೊಳ್ಳಿ” ಎಂದು ಕೈಬಿಟ್ಟಿದ್ದಳು. ಶ್ರೀನಿವಾಸಪುರದ ಒಂದು ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಿದ್ದ ಮಗಳು, “ಅಪ್ಪನ ಮಿಲ್ಟ್ರಿ” ಎಂದು ನಗುತ್ತಿದ್ದಳು. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ಮಂಡಿನೋವಿನಿಂದ ಅವಳು ಮೆಟ್ಟಿಲು ಹತ್ತುವುದಿಲ್ಲ ಎಂಬ ಧೈರ್ಯ ನನ್ನದು.

ಅಮ್ಮ ಮುಳಬಾಗಿಲು ತಾಲ್ಲೂಕಿನವಳು, ಆವನಿ ಪಕ್ಕದ ಹಳ್ಳಿ. ಹುಟ್ಟಿದ ಮನೆಯ ಮಾತು ತೆಲುಗು, ಸೇರಿದ ಮನೆಯದು ಕನ್ನಡ. ಸಿಟ್ಟು ಬಂದರೆ ತೆಲುಗು, ಲೆಕ್ಕಾಚಾರಕ್ಕೆ ಕನ್ನಡ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಶುಭ ಅಶುಭ ಏನಾದರೂ ಮೊದಲು ಅಮ್ಮನನ್ನು ಕೇಳಿಕೊಂಡು ಹೋಗುತ್ತಿದ್ದರು. ಯಾರಿಗೆ ಮೊದಲು ಕರೆ ಹೋಗಬೇಕು, ಯಾರಿಗೆ ಸೀರೆ, ಯಾರಿಗೆ ಬರೀ ರವಿಕೆ ಬಟ್ಟೆ ಎಂದು ಅವಳು ಹೇಳಿದರೆ ಮುಗಿಯಿತು. ನಮ್ಮ ಕಡೆ ಲಗ್ನಪತ್ರಿಕೆಯ ದಿನ ಹೆಣ್ಣಿನ ಮನೆಯ ಹಿರಿಯರು ಎದ್ದು ನಿಂತು, “ನಮ್ಮ ಹುಡುಗಿಯನ್ನು ನಿಮ್ಮ ಮನೆಗೆ ಕೊಟ್ಟೆವು” ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅಪ್ಪ ಇಲ್ಲದ ಮನೆಯಲ್ಲಿ, ನನ್ನ ತಂಗಿಯ ಮದುವೆಗೆ ಆ ಮಾತು ಹೇಳಿದವಳು ಅಮ್ಮ. ಹೆಂಗಸು ಹೇಳುವುದುಂಟೇ ಎಂದು ಯಾರೋ ಗೊಣಗಿದಾಗ, “ಹೆತ್ತೋಳಿಗಿಂತ ಹಿರೀರು ಯಾರಿದೀರಪ್ಪ, ಮುಂದೆ ಬನ್ನಿ” ಅಂದಿದ್ದಳು. ಯಾರೂ ಮುಂದೆ ಬರಲಿಲ್ಲ.

ಫೋನಿನಲ್ಲಿ ಕಲಿಸುವವರು ಒಂದು ಮಾತು ಹೇಳುತ್ತಾರೆ: ಕಣ್ಣು ಮೊದಲು ಬರೆಯಿರಿ. ಕಣ್ಣು ಅತಿ ಕಷ್ಟದ ಕೆಲಸ, ತಪ್ಪೇ ಆಗುತ್ತದೆ. ಮೊದಲೇ ಬರೆದರೆ ಸುತ್ತಲೂ ಮೈಬಣ್ಣ ಹಚ್ಚುವಾಗ ತಿದ್ದಬಹುದು. ಕೊನೆಗೆ ಬರೆದು ಕೆಡಿಸಿದರೆ ಇಡೀ ಮುಖ ಹೋಯಿತು. ನನಗೆ ಅದು ಸರಿ ಕಂಡಿತು. ಹೊಸದಾಗಿ ಬಂದ ಒಂದು ಪೆಟ್ಟಿಗೆಯ ಸಿಪಾಯಿಗಳನ್ನೆಲ್ಲ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಉಸಿರು ಬಿಗಿಹಿಡಿದು, ಒಬ್ಬೊಬ್ಬರಿಗೂ ಬಿಳಿಯ ಒಂದು ಗೀಟು, ಅದರೊಳಗೆ ಕಪ್ಪು ಚುಕ್ಕೆ ಇಟ್ಟೆ. ಹಲವರಿಗೆ ಮೆಳ್ಳೆಗಣ್ಣಾಯಿತು. ಕೆಲವರು ದೆವ್ವ ಕಂಡವರಂತೆ ಕಣ್ಣರಳಿಸಿದರು. ಅಷ್ಟರಲ್ಲಿ ಹಣ್ಣಿನ ಸೀಸನ್ ಜೋರಾಯಿತು, ಮಂಡಿಯಿಂದ ಬರುವುದೇ ಸಂಜೆಯಾಗತೊಡಗಿತು. ಸಿಪಾಯಿಗಳು ಹಾಗೆಯೇ ಉಳಿದರು: ಬೂದು ಮೈ, ಬಿಟ್ಟ ಕಣ್ಣು.

ಆ ವಾರದಲ್ಲೇ ಅಮ್ಮ ಮಂಡಿನೋವನ್ನು ಲೆಕ್ಕಿಸದೆ, ಮಹಡಿಯ ಮೇಲೆ ಒಣಗಲು ಹಾಕಿದ ಹುಣಸೆಹಣ್ಣು ನೋಡಲು ಹತ್ತಿದ್ದಾಳೆ. ಕೋಣೆಯ ಬಾಗಿಲು ತೆರೆದಿದ್ದಾಳೆ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, “ಏಮಿರಾ ಅದಿ? ಏನೋ ಅದು ಮೇಲ್ಗಡೆ?” ಅಂದಳು. ತೆಲುಗಿನಲ್ಲಿ ಶುರುವಾಯಿತೆಂದರೆ ಹುಷಾರಾಗಿರಬೇಕು. ಇಷ್ಟು ವಯಸ್ಸಾಗಿ ಬೊಂಬೆ ಆಡುತ್ತೀಯಲ್ಲೋ ಎಂದು ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವಳ ಸಿಟ್ಟು ಅದಕ್ಕಾಗಿರಲಿಲ್ಲ.

“ಮೈಮೇಲೆ ಬಟ್ಟೆ ಕೊಡ್ದೆ ಕಣ್ಣು ಕೊಟ್ಟಿದೀಯಲ್ಲೋ! ಅವರಿಗೆ ನಾಚ್ಕೆ ಆಗಲ್ವಾ?”

ನನಗೆ ಅರ್ಥವಾಗಲಿಲ್ಲ. ಅಮ್ಮನೇ ಬಿಡಿಸಿ ಹೇಳಿದಳು. ಅವಳ ತವರಿನಲ್ಲಿ ಊರಮ್ಮನ ಮಣ್ಣಿನ ಮೂರ್ತಿ ಮಾಡುವವರು ಮೈ ತಿದ್ದಿ, ಬಣ್ಣ ಕೊಟ್ಟು, ಸೀರೆ ಉಡಿಸಿ, ಬಳೆ ತೊಡಿಸಿ, ಎಲ್ಲಾ ಆದ ಮೇಲೆ ಕಡೆಯಲ್ಲಿ ಪರದೆ ಕಟ್ಟಿ ಕಣ್ಣು ಬರೆಯುತ್ತಿದ್ದರಂತೆ. ಕಣ್ಣು ಬರೆದ ಮೇಲೆ ಅದು ನೋಡುತ್ತದೆ. ನೋಡುವುದಕ್ಕೆ ಶುರುಮಾಡಿದ ಮೇಲೆ ತನ್ನ ಮೈಯನ್ನೂ ನೋಡಿಕೊಳ್ಳುತ್ತದೆ.

“ಇವು ಪ್ಲಾಸ್ಟಿಕ್ ಅಮ್ಮ. ದೇವರಲ್ಲ.”

“ದೇವರು ಅಂತ ಯಾರಂದ್ರು? ಮನುಷ್ಯರಿಗೆ ಮಾನ ಬೇಡ್ವಾ?”

ಮರುದಿನ ಮಧ್ಯಾಹ್ನ ನೋಡಿದರೆ, ತನ್ನ ಹಳೆಯ ಸೀರೆಯ ಸೆರಗು ಹರಿದು, ಎರಡು ಡಬ್ಬಿಗಳ ನಡುವೆ ದಾರ ಎಳೆದು ಸಿಪಾಯಿಗಳ ಮುಂದೆ ಒಂದು ಪರದೆ ಕಟ್ಟಿದ್ದಳು. ಪಕ್ಕದಲ್ಲಿ ಒಂದು ದಾಸವಾಳವೂ ಇತ್ತು. ನೀನು ಬಟ್ಟೆ ಹಚ್ಚುವವರೆಗೆ ಇದು ಇರಲಿ ಎಂದಳು. ಬೈಯಲಿಲ್ಲ, ಬೊಂಬೆಯಾಟ ಅನ್ನಲಿಲ್ಲ. ಅಲ್ಲಿಂದ ಮುಂದೆ ಅಮ್ಮ ಆಗಾಗ ಮೆಟ್ಟಿಲ ಕಂಬಿ ಹಿಡಿದುಕೊಂಡು ಮೇಲೆ ಬಂದು ಪಕ್ಕದಲ್ಲಿ ಕೂರುವಳು. “ಆ ಕೊನೆಯವನ್ದು ಆಯ್ತಾ? ಪಾಪ, ಎಷ್ಟು ದಿನದಿಂದ ಹಂಗೇ ನಿಂತಿದಾನೆ” ಅನ್ನುವಳು. ನನ್ನ ಕೆಂಪುಗಳನ್ನು ಮೊದಲು ಹೊಗಳಿದವಳು ಅವಳೇ. ಇಷ್ಟನ್ನು ನೆನೆದರೆ ಮುಂದಿನದ್ದನ್ನು ಬರೆಯಲು ಕೈ ಬರುವುದಿಲ್ಲ.

ಮಗಳಿಗೆ ಒಂದು ಸಂಬಂಧ ಬಂತು. ಮಾಲೂರು ತಾಲ್ಲೂಕು, ಲಕ್ಕೂರಿನ ಕಡೆಯವರು. ಹುಡುಗ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಂದೆರಡು ಸಲ ಮಾತಾಡಿದ ಮೇಲೆ ಹುಡುಗ ಹುಡುಗಿ ಒಪ್ಪಿದ್ದರು. ಹುಡುಗನ ತಂದೆತಾಯಿ ಮನೆ ನೋಡಿಕೊಂಡು ಹೋಗಲು ಒಂದು ಭಾನುವಾರ ಬಂದರು. ಒಳ್ಳೆಯ ಜನ. ಕೇಸರಿಬಾತ್, ಬೋಂಡ, ಕಾಫಿ ಎಲ್ಲ ಆಯಿತು. ಅಮ್ಮ ನಡುವೆ ಕೂತು ಅವರ ಕುಲ, ಬಳಗ, ಯಾರು ಯಾರಿಗೆ ಏನಾಗಬೇಕು ಎಂದು ಬಿಡಿಸಿ ಬಿಡಿಸಿ ಕೇಳಿ, ವಕ್ಕಲೇರಿಯ ಯಾವುದೋ ಮನೆಯ ಮೂಲಕ ಹಳೆಯ ನೆಂಟಸ್ತಿಕೆಯನ್ನೇ ಹುಡುಕಿಬಿಟ್ಟಳು. ಹುಡುಗನ ತಂದೆ, “ಅಜ್ಜಿ ಬಿಡಲ್ಲ ಬಿಡಿ” ಎಂದು ನಕ್ಕರು.

ಆಮೇಲೆ ಅವರು, “ಮೇಲೇನಿದೆ? ಹಂಗೇ ಟೆರೇಸೂ ನೋಡ್ಕೊಂಡು ಬರೋಣ” ಎಂದು ಎದ್ದರು. ಮನೆ ನೋಡಲು ಬಂದವರನ್ನು ಬೇಡ ಅನ್ನುವುದು ಹೇಗೆ? ಗಂಡಹೆಂಡತಿ ಇಬ್ಬರೂ ಹತ್ತಿದರು. ನಾನು ಓಡಿ ಮುಂದಾಗುವಷ್ಟರಲ್ಲಿ ಹುಡುಗನ ತಾಯಿ ಕೋಣೆಯ ಬಾಗಿಲು ದೂಡಿದ್ದರು. ಹಲಗೆಯ ಮೇಲೆ ಸೀರೆ ಸೆರಗಿನ ಪರದೆ, ಬಾಡಿದ ದಾಸವಾಳ, ಪರದೆಯ ಸಂದಿಯಿಂದ ನೋಡುತ್ತಿರುವ ಮೆಳ್ಳೆಗಣ್ಣಿನ ಪುಟ್ಟ ಬೂದು ಮನುಷ್ಯರು. ಇನ್ನೊಂದು ಕಡೆ ಕೆಂಪು ಕೋಟಿನವರು ಸಾಲಾಗಿ.

“ಇದೇನು ಸಾರ್ ಇದು?” ಅಂದರು ಆ ತಾಯಿ. ಧ್ವನಿಯಲ್ಲಿ ಆಶ್ಚರ್ಯವಿತ್ತು, ಅಷ್ಟೇ. ಹೀಯಾಳಿಕೆ ಇರಲಿಲ್ಲ. ಇದು ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕೇಳಿಸಿದ್ದೇ ಬೇರೆ. ಹೆಣ್ಣಿನ ಅಪ್ಪ ಬೊಂಬೆಗಳಿಗೆ ಪರದೆ ಕಟ್ಟಿಕೊಂಡು ಆಡುವ ಹುಚ್ಚ ಎಂದು ಲಕ್ಕೂರಿನಿಂದ ನಮ್ಮ ಮಂಡಿಯವರೆಗೆ ಸುದ್ದಿ ಹರಡಿದಂತೆ, ಕೂಲಿಯವರು ಬಾಯಿ ಮುಚ್ಚಿಕೊಂಡು ನಗುತ್ತಿರುವಂತೆ ಕಂಡಿತು. ಬಾಯಿಂದ ತಾನಾಗಿ ಬಂತು:

“ನಮ್ಮಮ್ಮಂದು. ವಯಸ್ಸಾಯ್ತಲ್ಲ ಮೇಡಮ್. ಒಂದೊಂದ್ಸಲ ಹೀಗೆ… ಮಕ್ಕಳ ಥರಾ ಆಗ್ಬಿಡ್ತಾರೆ. ನಾವೂ ಸುಮ್ನೆ ಬಿಟ್ಟಿದೀವಿ.”

ಹೇಳಿ ತಿರುಗಿದರೆ ಕೊನೆಯ ಮೆಟ್ಟಿಲ ಮೇಲೆ ಅಮ್ಮ. ನೆಂಟರಿಗೆ ಹುಣಸೆಹಣ್ಣು ಕಟ್ಟಿಕೊಡೋಣವೆಂದು ಏದುಸಿರು ಬಿಡುತ್ತಾ ಹತ್ತಿ ಬಂದಿದ್ದಳು. ಕೇಳಿಸಿಕೊಂಡಿದ್ದಳು. ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

ಅಮ್ಮ ನಿಧಾನವಾಗಿ ಒಳಗೆ ಬಂದು ಹಲಗೆಯ ಮುಂದೆ ನೆಲದ ಮೇಲೆ ಕೂತಳು. ಪರದೆಯನ್ನು ಸರಿಮಾಡಿದಳು. ಹುಡುಗನ ತಾಯಿಯ ಕಡೆ ತುಟಿಯ ಮೇಲೆ ಬೆರಳಿಟ್ಟು, “ಮೆಲ್ಲಗೆ ಕಣಮ್ಮ. ಈಗ್ತಾನೆ ಮಲಗಿಸಿದೀನಿ” ಅಂದಳು.

ಆ ತಾಯಿಯ ಮುಖ ಕರಗಿಹೋಯಿತು. ಪಕ್ಕದಲ್ಲೇ ಕೂತು ಅಮ್ಮನ ಕೈ ಹಿಡಿದುಕೊಂಡು, ಮಗುವಿಗೆ ಹೇಳುವ ಹಾಗೆ, “ಆಯ್ತಜ್ಜೀ, ಗಲಾಟೆ ಮಾಡಲ್ಲ” ಅಂದರು. ಒಬ್ಬ ಕೆಂಪು ಕೋಟಿನವನನ್ನು ಎತ್ತಿ ನೋಡಿ, “ಅಜ್ಜಿ ಕೈ ನೋಡ್ರೀ, ಈ ಕೆಂಪು ಎಷ್ಟು ಚೆನ್ನಾಗಿ ಬಂದಿದೆ!” ಎಂದು ಗಂಡನಿಗೆ ತೋರಿಸಿದರು. ನಾನು ಎಂಥ ಮನುಷ್ಯ ಎಂದು ಇದರಿಂದಲೇ ತಿಳಿಯಬಹುದು: ಆ ಗಳಿಗೆಯಲ್ಲಿ ನನಗೆ ಆ ಹೊಗಳಿಕೆ ಬೇಕಾಯಿತು. ಆ ಕೆಂಪು ನನ್ನದು, ಎರಡು ಕೆಂಪು ಬೆರೆಸಿ ಮಾಡಿದ್ದು ಎಂದು ಹೇಳಬೇಕೆನಿಸಿತು. ತಾಯಿಯನ್ನು ಹುಚ್ಚಿ ಮಾಡಿದ ನಾಲಗೆಯ ತುದಿಗೆ ಬಂದದ್ದು ಆ ಹೊಟ್ಟೆಕಿಚ್ಚು.

ಅವರು ಹೋದ ಮೇಲೆ ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಮಗಳು, “ಯಾಕಪ್ಪಾ ಹಂಗಂದೆ?” ಎಂದು ಅತ್ತಳು. ನಾನು ಅಮ್ಮನ ಹತ್ತಿರ ಹೋಗಿ, “ಫೋನ್ ಮಾಡಿ ನಿಜ ಹೇಳ್ಬಿಡ್ತೀನಿ” ಅಂದೆ.

“ಏನಂತ ಹೇಳ್ತೀಯ? ಹುಡುಗಿ ಅಪ್ಪ ಸುಳ್ಳ ಅಂತಾನಾ?” ಅಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು, ತಲೆ ಎತ್ತಲಿಲ್ಲ. “ಬೊಂಬೆ ಆಡ್ತಾನೆ ಅಂದ್ರೆ ನಕ್ಕು ಬಿಡ್ತಿದ್ರು. ಹೆತ್ತೋಳನ್ನೇ ಮುಂದೆ ತಳ್ದ ಅಂದ್ರೆ ಹೆಣ್ಣು ಕೇಳ್ತಾರಾ? ಮದುವೆ ಆಗ್ಲಿ, ಆಮೇಲೆ ಬೇಕಾದ್ರೆ ಹೇಳ್ಕೋ. ನನಗೇನು, ಇರೋ ನಾಲ್ಕು ದಿನ ಹುಚ್ಚಿ ಆಗಿದ್ರೂ ನಡೀತದೆ.”

ನನಗೆ ಆ ಮಾತು ಅನುಕೂಲವಾಗಿತ್ತು. ಅನುಕೂಲದ ಮಾತನ್ನು ನಾನು ಬೇಗ ಒಪ್ಪಿಕೊಳ್ಳುತ್ತೇನೆ.

ಅಲ್ಲಿಂದ ಬೀಗರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ನಾಟಕ. ಗೇಟಿನ ಸದ್ದಾದರೆ ಅಮ್ಮ ಒಮ್ಮೆ ಬಾಗಿಲ ಕಡೆ ಬಗ್ಗಿ ನೋಡುವಳು, ಅವರೇ ಎಂದು ಗೊತ್ತಾದರೆ ಸೆರಗನ್ನು ಸ್ವಲ್ಪ ಓರೆ ಮಾಡಿಕೊಂಡು ಒಬ್ಬ ಸಿಪಾಯಿಯನ್ನು ಮಡಿಲಲ್ಲಿ ಇಟ್ಟುಕೊಳ್ಳುವಳು. ನಾನು ಹರಾಜಿನ ಗಂಟಲನ್ನು ಬಿಟ್ಟು ಇನ್ನೊಂದು ಗಂಟಲು ಕಲಿತೆ. ದೊಡ್ಡದಾಗಿ, ಒಂದೊಂದೇ ಮಾತನ್ನು ಬಿಡಿಸಿ, “ಅಮ್ಮಾ, ಯಾರು ಬಂದಿದಾರೆ ನೋಡು. ನಮಸ್ಕಾರ ಮಾಡು. ಹಾಂ, ಜಾಣೆ” ಅನ್ನುವುದು. ಅಮ್ಮ ಚೆನ್ನಾಗಿಯೇ ಆಡುತ್ತಿದ್ದಳು. ಸಕ್ಕರೆ ಕಾಯಿಲೆಯವಳು, ಬೀಗರು ತಂದ ಜಿಲೇಬಿಗೆ ಎಲ್ಲರೆದುರು ಕೈ ಹಾಕಿದಳು. ಹೆಂಡತಿ ಗಾಬರಿಯಾಗಿ ತಡೆಯಲು ಹೋದರೆ ಹುಡುಗನ ತಾಯಿ, “ಪಾಪ, ಬಿಡಿ, ಅವರಿಗೇನು ಗೊತ್ತಾಗತ್ತೆ” ಅಂದರು. ಅಮ್ಮ ಅಗಿಯುತ್ತಾ ನನ್ನ ಕಡೆ ಒಂದು ಕಣ್ಣು ಮಿಟುಕಿಸಿದಳು. ನನಗೆ ನಗು ಬಂತು. ನಗು ಬಂದದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಮದುವೆ ಎಲ್ಲಿ, ಯಾವ ಛತ್ರ, ಯಾರಿಗೆ ಏನು ಎಂದು ಮಾತಾಡುವಾಗ ಅಮ್ಮನನ್ನು ಯಾರೂ ಕೇಳಲಿಲ್ಲ. ಒಮ್ಮೆ ಅವಳು ಮರೆತು, ಹುಡುಗನ ಸೋದರತ್ತೆಗೆ ಸೀರೆ ಬಿಟ್ಟಿದ್ದೀರಿ, ಅದು ತಪ್ಪಾಗುತ್ತೆ ಎಂದು ಸರಿಯಾಗಿಯೇ ಹೇಳಿದಳು. ಹುಡುಗನ ತಂದೆ, “ಆಗ್ಲಿ ಅಜ್ಜಿ, ಎಲ್ಲರಿಗೂ ಕೊಡಿಸೋಣ” ಎಂದು ತಲೆಯಾಡಿಸಿ ತಮ್ಮ ಮಾತಿಗೆ ಹಿಂದಿರುಗಿದರು. ಆಮೇಲೆ ಆ ಅತ್ತೆ ಮುನಿಸಿಕೊಂಡಾಗ, ಯಾರಿಗೂ ಹೊಳೆಯಲೇ ಇಲ್ಲವಲ್ಲ ಎಂದು ಎಲ್ಲರೂ ಕೈ ಹಿಸುಕಿಕೊಂಡರು. ಅಮ್ಮ ಸಿಪಾಯಿಯ ಟೋಪಿಯನ್ನು ಬೆರಳಿನಿಂದ ಒರೆಸುತ್ತಾ ಕೂತಿದ್ದಳು.

ಲಗ್ನಪತ್ರಿಕೆಯ ದಿನ ತಾಂಬೂಲದ ತಟ್ಟೆ ಬಂದಾಗ, ಪುರೋಹಿತರು ಹೆಣ್ಣಿನ ಕಡೆಯ ಹಿರಿಯರು ಎದ್ದು ಮಾತು ಕೊಡಬೇಕು ಅಂದರು. ಅಮ್ಮ ಅಭ್ಯಾಸಬಲದಿಂದ ಗೋಡೆ ಹಿಡಿದು ಏಳಲು ಹೊರಟಳು. ಹುಡುಗನ ತಾಯಿ ಪ್ರೀತಿಯಿಂದ ಅವಳ ಭುಜ ಹಿಡಿದು ಕೂರಿಸಿದರು. “ಅಜ್ಜಿಗ್ಯಾಕೆ ತೊಂದ್ರೆ? ಬೀಗರೇ, ನೀವೇ ಹೇಳಿ.” ಎಲ್ಲರೂ ನನ್ನ ಕಡೆ ನೋಡಿದರು. ಅಮ್ಮನೂ ನೋಡಿದಳು. ಆಗ ಹೇಳಬಹುದಿತ್ತು. ನಾನು ಎದ್ದು ನಿಂತೆ, ಮಂಡಿಯಲ್ಲಿ ಕೂಗುವ ಗಂಟಲಿನಿಂದ, “ನಮ್ಮ ಹುಡುಗಿಯನ್ನು ನಿಮ್ಮ ಮನೆಗೆ ಕೊಟ್ಟೆವು” ಎಂದೆ. ಮಾತು ಸ್ಪಷ್ಟವಾಗಿಯೇ ಬಂತು. ಅಮ್ಮ ತಲೆ ತಗ್ಗಿಸಿ ಸೆರಗಿನ ತುದಿ ನೋಡುತ್ತಿದ್ದಳು. ಅವಳು ನಾಟಕ ಮಾಡುತ್ತಿರಲಿಲ್ಲ.

ಇದಕ್ಕಿಂತ ಕೀಳಾದದ್ದೂ ಇದೆ. ಆ ಸುಳ್ಳಿನಿಂದ ನನಗೆ ಸ್ವಾತಂತ್ರ್ಯ ಸಿಕ್ಕಿತು. ಪಾರ್ಸೆಲ್ ಬಂದರೆ ಇನ್ನು ಬಚ್ಚಿಡಬೇಕಾಗಿರಲಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಣ್ಣ ಬ್ರಷ್ಷುಗಳನ್ನು ಆರಿಸುವಾಗ ಯಾರಾದರೂ ಕೇಳಿದರೆ, “ಅಮ್ಮನಿಗೆ” ಅನ್ನುತ್ತಿದ್ದೆ. ಉಗುರಿನ ಬಣ್ಣವನ್ನು ಉಜ್ಜುವುದನ್ನೂ ಬಿಟ್ಟೆ. ಅದೇ ಪಕ್ಕದ ಮಂಡಿಯವನು ಈಗ, “ಅಮ್ಮನ ಜೊತೆ ಕೂತ್ಕೊಂಡು ಬೊಂಬೆಗೆ ಬಣ್ಣ ಹಚ್ತಾನಂತೆ ಕಣ್ರೋ. ಇಂಥ ಮಗ ಯಾರಿಗೆ ಸಿಗ್ತಾನೆ!” ಎಂದು ನಾಲ್ಕು ಜನರ ಮುಂದೆ ಹೇಳಿದ. ಒಬ್ಬ ರೈತ ತನ್ನ ಮಗನನ್ನು ಕರೆದು, “ನೋಡಿ ಕಲ್ತ್ಕೊಳೋ” ಅಂದ. ನಾನು ತಲೆ ಬಾಗಿಸಿ ವಿನಯದಿಂದ ನಿಂತೆ. ಅಲ್ಲಿ ಭೂಮಿ ಬಾಯಿ ಬಿಡಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಮಗಳು ಲಕ್ಕೂರಿಗೆ ಹೋದಳು. ಮದುವೆಯಾದ ಮೇಲೆ ಹೇಳಿಕೋ ಎಂದು ಅಮ್ಮನೇ ಅಂದಿದ್ದಳಲ್ಲ, ಹೇಳಬೇಕಿತ್ತು. ಮಗಳು ಹೊಸದಾಗಿ ಹೋಗಿದ್ದಾಳೆ, ಸ್ವಲ್ಪ ದಿನ ಹೋಗಲಿ ಅಂದುಕೊಂಡೆ. ಯುಗಾದಿ ಹೋಯಿತು, ಗೌರಿ ಹಬ್ಬ ಬಂತು. ಅಷ್ಟರಲ್ಲಿ ಬೀದಿಯವರಿಗೂ ಸುದ್ದಿ ಮುಟ್ಟಿತ್ತು. ಎದುರುಮನೆಯಲ್ಲಿ ನಾಮಕರಣವಾಯಿತು, ಯಾರೂ ಅಮ್ಮನನ್ನು ಕೇಳಲು ಬರಲಿಲ್ಲ. ಬಾಣಂತಿಯ ತಾಯಿ ಊಟದ ಎಲೆಯನ್ನು ಮನೆಗೇ ಕಳಿಸಿ, ಅಜ್ಜಿಗೆ ಗದ್ದಲ ಆಗುತ್ತೆ, ಮನೆಯಲ್ಲೇ ತಿನ್ನಿಸಿಬಿಡಿ ಎಂದು ಹೇಳಿಸಿದಳು. ಅಮ್ಮ ಆ ಎಲೆಯ ಮುಂದೆ ಕೂತು, “ಪಾಯಸಕ್ಕೆ ಬೆಲ್ಲ ಸಾಲ್ದು” ಎಂದಷ್ಟೇ ಹೇಳಿ ಎಲ್ಲವನ್ನೂ ಉಂಡಳು. ಜಗಲಿಯ ಮೇಲೆ ಕೂರುವುದನ್ನು ಅವಳು ಕಡಿಮೆ ಮಾಡಿದ್ದು ಆಗಲೇ ಇರಬೇಕು. ನಾನು ಗಮನಿಸಲಿಲ್ಲ.

ಸಿಪಾಯಿಗಳ ಕೆಲಸ ಮಾತ್ರ ಮುಂದೆ ಸಾಗಿತ್ತು. ಕೈ ಕುದುರಿತ್ತು. ಬಣ್ಣ ತೆಳ್ಳಗೆ ಮಾಡುವುದು, ಕಾಯುವುದು ಬಂದಿತ್ತು. ಅಮ್ಮನ ಮಾತಿಗೆ ಬೆಲೆ ಕೊಟ್ಟು ಕಣ್ಣನ್ನು ಕೊನೆಗೇ ಬರೆಯುತ್ತಿದ್ದೆ, ಕೆಟ್ಟರೆ ಕೆಡಲಿ ಎಂದು. ಇಷ್ಟು ಮಾಡಿದ್ದೇನಲ್ಲ ಎಂದು ಒಳಗೊಳಗೇ ಸಮಾಧಾನವೂ ಇತ್ತು.

ಮೊನ್ನೆ ಒಂದು ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಒಬ್ಬ ತಮಟೆಯವನ ಸೊಂಟದ ಪಟ್ಟಿಗೆ ಬಿಳಿ ಎಳೆಯುತ್ತಿದ್ದೆ. ಅದು ಕೂದಲೆಳೆಯಷ್ಟು ಸಣ್ಣ ಗೆರೆ, ಉಸಿರು ಬಿಟ್ಟರೂ ಸೊಟ್ಟಗಾಗುತ್ತದೆ. ಅಮ್ಮ ಮೆಟ್ಟಿಲ ಕಂಬಿ ಹಿಡಿದು ಹತ್ತಿ ಬಂದಳು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು.

“ಬೆಳಿಗ್ಗೆ ಫೋನ್‌ನಲ್ಲಿ ಮಗು ಮಾತು ಸರಿ ಇರ್ಲಿಲ್ಲ ಕಣೋ” ಅಂದಳು. ಮಗು ಅಂದರೆ ನನ್ನ ಮಗಳು. “ನಗ್ತಾ ನಗ್ತಾ ಮಾತಾಡಿದ್ಲು, ಆದ್ರೂ ಏನೋ ನುಂಗ್ಕೊತಿದಾಳೆ. ನೀನು ಒಂದ್ಸಲ ಹೋಗಿ ನೋಡ್ಕೊಂಡು ಬಾ. ಹೇಳ್ದೆ ಕೇಳ್ದೆ ಹೋಗು.”

ಗೆರೆ ಅರ್ಧಕ್ಕೆ ಬಂದಿತ್ತು. ನಾನು ತಲೆ ಎತ್ತಲಿಲ್ಲ.

“ಆಯ್ತಮ್ಮಾ, ಆಯ್ತು. ಎಲ್ರೂ ಹೋಗೋಣ. ಈಗ ಕೆಳಗೆ ಹೋಗಿ ಮಲಕ್ಕೋತೀಯಾ? ಹಾಂ? ಜಾಣೆ.”

ದೊಡ್ಡದಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ್ದೆ. ಹೇಳಿದ್ದು ಹಾಗೆಂದು ನನಗೆ ಗೊತ್ತೇ ಆಗಲಿಲ್ಲ. ಗೆರೆ ಮುಗಿಸಿ, ಬ್ರಷ್ ಅದ್ದಲು ನೀರಿನ ಲೋಟದ ಕಡೆ ತಿರುಗಿದೆ. ಅಮ್ಮ ಸ್ಟೂಲಿನ ಮೇಲಿಂದ ಅರ್ಧ ಎದ್ದು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೆಟ್ಟಿಲ ಕಡೆ ಬಗ್ಗಿ ನೋಡುತ್ತಿದ್ದಳು. ಒಂದು ಕೈಯಲ್ಲಿ ಆಗಲೇ ಸೆರಗನ್ನು ಓರೆ ಮಾಡಿಕೊಂಡಿದ್ದಳು. ಕೆಳಗಿನವರೆಗೂ ನೋಡಿದಳು. ಮೆಟ್ಟಿಲು ಖಾಲಿಯಿತ್ತು, ಗೇಟು ಹಾಕಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸೆರಗನ್ನು ಮತ್ತೆ ನೆಟ್ಟಗೆ ಮಾಡಿಕೊಂಡು, ನನಗೆ ಗೊತ್ತಿಲ್ಲದ್ದನ್ನು ತಿಳಿಸುವವಳ ಹಾಗೆ ಮೆಲ್ಲಗೆ ಹೇಳಿದಳು.

“ಯಾರೂ ಬಂದಿಲ್ಲ ಕಣೋ. ಇಲ್ಲಿರೋದು ನಾವಿಬ್ಬರೇ.”